ಕೂದಲು ಉಳಿಸಿದ ಬೇಸಿಗೆ

ಹೋದ ತಿಂಗಳು ಬ್ಯಾಂಕಿನ ತಪಾಸಣೆ ಕೆಲಸಕ್ಕೆಂದು ವಿಶಾಖಪಟ್ಟಣಕ್ಕೆ ಹೋಗಿದ್ದೆ. ದ್ವಾರಕಾ ನಗರದ ಹೋಟೆಲಿನಿಂದ ಬ್ರಾಂಚಿಗೆ ನಡೆದು ಹೋಗುವ ದಾರಿಯಲ್ಲಿ ಶಾಲೆಯ ಮಕ್ಕಳಿಗೆ ನಾಟಕದ ವೇಷ ಬಾಡಿಗೆಗೆ ಕೊಡುವ ಸಣ್ಣ ಅಂಗಡಿಯೊಂದಿದೆ. ಅಂಗಡಿಯಾಕೆ ಬಾಗಿಲಲ್ಲೇ ಕುಳಿತು ಒಂದು ಮಗುವಿನ ಗಲ್ಲಕ್ಕೆ ಋಷಿಯ ಗಡ್ಡ ಅಂಟಿಸುತ್ತಿದ್ದಳು. ಅವಳ ಕೈಯ ಬಾಟಲಿಯಿಂದ ಗೋಂದಿನ ವಾಸನೆ ಬಂತು. ಸ್ಪಿರಿಟ್ಟು, ರಾಳ ಎರಡೂ ಬೆರೆತು ಮೂಗಿನ ತುದಿಯನ್ನು ಉರಿಸುವ ವಾಸನೆ. ನನ್ನ ಕಾಲುಗಳು ಅಲ್ಲೇ ನಿಂತವು. "ಏಂ ಕಾವಾಲಿ ಮೇಡಂ?" ಎಂದು ಅವಳು ಕೇಳಿದಳು. ಏನೂ ಬೇಡ ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಅವತ್ತು ಬ್ರಾಂಚಿನಲ್ಲಿ ಒಂದು ಕಡತವನ್ನೂ ನೆಟ್ಟಗೆ ನೋಡಲಾಗಲಿಲ್ಲ.

ನಾಲ್ಕು ವರ್ಷದ ಹಿಂದೆ ಇದೇ ಊರಿನಲ್ಲಿ ನನಗೆ ಪೋಸ್ಟಿಂಗ್ ಇತ್ತು. ಗಂಡ ಹುಬ್ಬಳ್ಳಿಯ ಕಾಲೇಜಿನಲ್ಲಿ ಲೆಕ್ಚರರ್, ರಜೆಗೆ ಮಾತ್ರ ಬರುತ್ತಿದ್ದರು. ಎಂವಿಪಿ ಕಾಲೋನಿಯ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ ನಾನು ಮತ್ತು ನನ್ನ ಒಂಬತ್ತು ವರ್ಷದ ಮಗಳು ಇಂಚರಾ, ಇಬ್ಬರೇ. ಐದು ವರ್ಷ ತುಂಬುವವರೆಗೆ ಅವಳು ಗದಗಿನಲ್ಲಿ ನನ್ನ ತಾಯಿಯ ಮಡಿಲಲ್ಲೇ ಬೆಳೆದವಳು. ಇಲ್ಲಿಗೆ ಬಂದ ಎರಡೇ ವರ್ಷದಲ್ಲಿ ತೆಲುಗು ಅವಳ ನಾಲಗೆಯ ಮೇಲೆ ಕುಣಿಯತೊಡಗಿತು. ಲಿಫ್ಟಿನಲ್ಲಿ ತೆಲುಗು, ಆಟದಲ್ಲಿ ತೆಲುಗು, ನಿದ್ದೆಯಲ್ಲಿ ಕನವರಿಸಿದರೂ ತೆಲುಗು. ಅವಳ ಕನ್ನಡಕ್ಕೆ ಉಳಿದ ಗಿರಾಕಿಗಳು ಮೂವರೇ: ನಾನು, ಅವಳಪ್ಪ ಮತ್ತು ದಿನವೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡುವ ಅಜ್ಜಿ. ಅಜ್ಜಿಯ ಮೊದಲ ಪ್ರಶ್ನೆ ಎಂದಿಗೂ ಬದಲಾಗಿದ್ದಿಲ್ಲ. "ಉಂಡ್ಯೇನು ಇಂಚೂ?"

ಶಾಲೆಯ ವಾರ್ಷಿಕೋತ್ಸವದಲ್ಲಿ ಇಂಚರಾ ಉದ್ದನೆಯ ತೆಲುಗು ಪದ್ಯವೊಂದನ್ನು ಒಂದು ಕಡೆಯೂ ತಡವರಿಸದೆ ಹೇಳಿದಳು. ಕಾರ್ಯಕ್ರಮ ಮುಗಿದ ಮೇಲೆ ಲಲಿತಾ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಒಂದು ವೆಬ್ ಸೀರೀಸಿಗೆ ಸಹಾಯಕ ನಿರ್ದೇಶಕಿಯಂತೆ. "ಪಾಪ ತೆಲುಗು ಎಂತ ಬಾಗುಂದಂಡಿ!" ಮಗುವಿನ ತೆಲುಗು ಎಷ್ಟು ಚೆನ್ನಾಗಿದೆ ಎಂದು ಬಾಯಿ ತುಂಬ ಹೊಗಳಿದಳು. ನಾವು ಕನ್ನಡದವರು ಎಂದಾಗ ಅವಳ ಕಣ್ಣು ಅರಳಿದ್ದನ್ನು ನೋಡಿ ನಾನು ಉಬ್ಬಿಹೋದೆ. ಅಲ್ಲಿನ ಮಕ್ಕಳನ್ನೆಲ್ಲ ಹಿಂದಿಕ್ಕಿ ನನ್ನ ಮಗಳನ್ನು ಆರಿಸಿದರಲ್ಲ ಎಂಬ ಜಂಬ ನನಗಿತ್ತು. ಈಗಲೂ ಅದನ್ನು ಮುಚ್ಚಿಡುವುದಿಲ್ಲ.

ಕಥೆ ನೂರು ವರ್ಷ ಹಿಂದಿನದು. ಕರಾವಳಿ ಆಂಧ್ರದ ದೊಡ್ಡ ಮನೆತನ, ಅಲ್ಲಿಗೆ ಸೊಸೆಯಾಗಿ ಬರುವ ಪುಟ್ಟ ಹುಡುಗಿ, ವರ್ಷ ತುಂಬುವುದರೊಳಗೆ ಸಾಯುವ ಗಂಡ, ಆಮೇಲೆ ಅವಳ ತಲೆ ಬೋಳಿಸುವುದು. ನಿರ್ದೇಶಕ ಮಾಧವ್ ನಮ್ಮ ಮನೆಗೇ ಬಂದು ಸೋಫಾದ ತುದಿಯಲ್ಲಿ ಕುಳಿತು ಎರಡು ಗಂಟೆ ಮಾತಾಡಿದರು. ಅವರನ್ನು ಕಟುಕನೆಂದು ಚಿತ್ರಿಸಿಬಿಟ್ಟರೆ ನನಗೆ ಸುಲಭ, ಆದರೆ ಅವರು ಹಾಗಿರಲಿಲ್ಲ. ಅವರ ಮನೆತನದಲ್ಲೂ ಅಂಥ ಒಬ್ಬ ಅಜ್ಜಿ ಇದ್ದರಂತೆ. ನಮ್ಮ ಮನೆಯಲ್ಲೂ ಒಬ್ಬಳಿದ್ದಳು. ನನ್ನ ತಾಯಿಯ ಸೋದರತ್ತೆ, ಸುಬ್ಬಕ್ಕಜ್ಜಿ. ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂರುತ್ತಿದ್ದಳಂತೆ. ಇಂಥ ಕಥೆಯನ್ನು ಹೇಳಲೇಬೇಕು ಎಂದು ನನಗೆ ಮನಸಾರೆ ಅನ್ನಿಸಿತು.

ಆದರೆ ನಾನು ಬ್ಯಾಂಕಿನವಳು. ಓದದೆ ಎಲ್ಲಿಯೂ ಸಹಿ ಹಾಕಿದವಳಲ್ಲ. ಚಿತ್ರಕಥೆ ತೆಲುಗಿನಲ್ಲಿದ್ದುದರಿಂದ ಎರಡು ಭಾನುವಾರ ಲಲಿತಾಳನ್ನು ಮನೆಗೆ ಕರೆಸಿ ಮಗುವಿನ ದೃಶ್ಯಗಳನ್ನು ಸಾಲುಸಾಲಾಗಿ ಓದಿಸಿದೆ. ಪ್ರಸ್ತದ ಸುಳಿವು ಕೊಡುವ ದೃಶ್ಯವನ್ನು ತೆಗೆಸಿದೆ. ಮಗುವಿಗೆ ಹೊಡೆಯುವ ದೃಶ್ಯ ತೆಗೆಸಿದೆ. ತಲೆಯನ್ನು ನಿಜವಾಗಿ ಬೋಳಿಸಬಾರದು, ರಬ್ಬರಿನ ಬೋಳು ಟೊಪ್ಪಿಗೆಯನ್ನೇ ಬಳಸಬೇಕು ಎಂದು ಒಪ್ಪಂದದಲ್ಲಿ ಬರೆಸಿದೆ. ಮಾಧವ್ ಎಲ್ಲಕ್ಕೂ ತಲೆಯಾಡಿಸಿದರು. ನಾನು ಯುದ್ಧ ಗೆದ್ದವಳ ಹಾಗೆ ಗಂಡನಿಗೆ ಫೋನ್ ಮಾಡಿದೆ.

"ಅಗ್ರಿಮೆಂಟಿನ್ಯಾಗ ಎಲ್ಲಾ ಬರಸೀನಿ. ಏನೂ ಕಾಳಜಿ ಇಲ್ಲ."

"ಅದೆಲ್ಲಾ ಖರೇ. ತಾ ಏನ್ ಮಾಡ್ಲಿಕ್ಹತ್ತೇನಿ ಅಂತ ಅಕಿಗೆ ಗೊತ್ತದ ಏನು?" ಎಂದರು ಅವರು.

"ಒಂಬತ್ತು ವರ್ಷದ ಹುಡುಗಿಗೆ ಎಷ್ಟು ಗೊತ್ತಾಗಬೇಕೋ ಅಷ್ಟು ಗೊತ್ತದ," ಎಂದೆ. ಅವರು ಮಾತು ಬದಲಿಸಿದರು. ಅದು ನನಗೆ ಸರಿಬರಲಿಲ್ಲ, ಆದರೂ ಗೆದ್ದೆನೆಂದೇ ಲೆಕ್ಕ ಹಿಡಿದೆ.

ಇಂಚರಾಳಿಗೆ ಗೊತ್ತಾಗಬೇಕಾದದ್ದು ಬೇರೆಯೇ ಇತ್ತು. ಒಂದು ದಿನ ಜಡೆ ಹಾಕುತ್ತಿದ್ದಾಗ ಕೇಳಿದಳು. "ಅಮ್ಮಾ, ಗಂಡ ಸತ್ರ ಕೂದ್ಲಾ ಯಾಕ ತಗೀತಾರ?"

"ಆಗಿನ ಮಂದಿ ಹಂಗಿದ್ರವಾ."

"ಆ ಹುಡುಗಿಗೆ ಮೊದಲ ಯಾರೂ ಹೇಳಲಿಲ್ಲೇನು?"

"ಏನಂತ?"

"ಏನ್ ನಡದದ ಅಂತ."

ಕುಕ್ಕರ್ ಕೂಗಿತು ಎಂದು ಎದ್ದು ಒಳಗೆ ಹೋದೆ. ಕುಕ್ಕರ್ ಕೂಗಿರಲಿಲ್ಲ.

ಅದೇ ವಾರ ಅಜ್ಜಿಯ ಜೊತೆ ಫೋನಿನಲ್ಲಿ ಸುಬ್ಬಕ್ಕಜ್ಜಿಯ ಸುದ್ದಿ ಬಂತು. ನಾನೇ ಕೇಳಿದ್ದೆ, ತಲೆ ಬೋಳಿಸಿದ ದಿನ ಅವಳು ಎಷ್ಟು ಅತ್ತಿರಬೇಕು ಎಂದು. ಅಜ್ಜಿ ಹೇಳಿದಳು: "ಅಕಿ ಅತ್ತೇ ಇಲ್ಲಂತ ನೋಡು. ಕ್ಷೌರದಂವ ಕುತ್ತಿಗಿಗೆ ಕೈ ಹಚ್ಚಿದ ಕೂಡಲೇ ಕಚಗುಳಿ ಆಗಿ ಕಿಲಿಕಿಲಿ ನಕ್ಕಳಂತ. ಸುತ್ತಮುತ್ತಲಿನವರು ಅಳಲಿಕ್ಹತ್ತಿದ್ರ ಈಕಿ ನಗಲಿಕ್ಹತ್ತಿದ್ಲು. ಮುಂದ ಸಾಯೋತನಕಾ ಅದನ್ನೇ ಹೇಳಕೋತ ಕೂತಿದ್ಲು. ನಾ ನಕ್ಕೆ, ನಾ ನಕ್ಕೆ ಅಂತ."

ಏಪ್ರಿಲ್‌ನಲ್ಲಿ ಭೀಮಿಲಿಯ ಒಂದು ಹಳೆಯ ಮನೆಯಲ್ಲಿ ಚಿತ್ರೀಕರಣ ಶುರುವಾಯಿತು. ಆ ದಿನಗಳು ಹಬ್ಬದಂತೆಯೇ ಇದ್ದವು. ಸಮುದ್ರದ ಗಾಳಿ, ಹೊತ್ತುಹೊತ್ತಿಗೆ ಮಜ್ಜಿಗೆ, ರೇಷ್ಮೆ ಲಂಗ ಉಟ್ಟು ಅತ್ತಿತ್ತ ಓಡಾಡುವ ಮಗಳು. ಒಂದೇ ಸಲಕ್ಕೆ ಮಾತು ಒಪ್ಪಿಸಿ ಎಲ್ಲರ ಮುದ್ದಿನವಳಾದಳು. ಅಷ್ಟರಲ್ಲಿ ಕಥೆಯ ವಾಸನೆ ಹೊರಗೆ ಹರಡಿತು. ಒಂದು ಗುಂಪಿನವರು ನಮ್ಮ ಹಿರಿಯರನ್ನು ಅವಮಾನಿಸುತ್ತಿದ್ದಾರೆ ಎಂದರು. ಇನ್ನೊಂದು ಗುಂಪಿನವರು ಎಳೆಯ ಮಗುವಿನಿಂದ ಇಂಥದ್ದನ್ನು ಮಾಡಿಸುವುದೇ ತಪ್ಪು ಎಂದರು. ಟಿವಿಯಲ್ಲಿ ಎರಡೂ ಗುಂಪಿನವರು ಒಟ್ಟಿಗೆ ಕುಳಿತು ಕಿರುಚುವುದನ್ನು ನೋಡಿ ನಾನು ನಕ್ಕು ಚಾನೆಲ್ ಬದಲಿಸಿದ್ದೆ.

ಮೇ ಮೊದಲ ವಾರ ಕೊನೆಯ ಕಂತಿಗೆಂದು ವಿಜಯವಾಡಕ್ಕೆ ಹೋದೆವು. ಇಬ್ರಾಹಿಂಪಟ್ನಂ ದಾಟಿ ಕೃಷ್ಣಾ ನದಿಯ ದಂಡೆಯಲ್ಲಿ ಹಳೆಯ ಕಾಲದ ಸ್ನಾನಘಟ್ಟದ ಸೆಟ್ ಹಾಕಿದ್ದರು. ಯಾವ ಕೋನದಿಂದ ನೋಡಿದರೂ ವಿದ್ಯುತ್ ಸ್ಥಾವರದ ಚಿಮಣಿಗಳು ಚೌಕಟ್ಟಿನೊಳಗೆ ಬರುತ್ತಿದ್ದವು. ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತೇವೆ, ಚಿಂತೆಯಿಲ್ಲ ಎಂದು ಕ್ಯಾಮೆರಾದವರು ಹೇಳುತ್ತಿದ್ದರು. ಬೇಡದ್ದನ್ನು ಅಳಿಸುವುದು ಅಷ್ಟು ಸುಲಭವೆಂದು ಅಲ್ಲಿದ್ದವರೆಲ್ಲ ನಂಬಿದ್ದರು, ನಾನೂ ಸೇರಿ. ಬಿಸಿಲೋ, ಹೇಳತೀರದು. ಬೆಳಿಗ್ಗೆ ಒಂಬತ್ತಕ್ಕೇ ಮರಳು ಕಾಲು ಸುಡುತ್ತಿತ್ತು. ನೀರಿನ ಬಾಟಲಿ ಹತ್ತೇ ನಿಮಿಷದಲ್ಲಿ ಚಹಾದಷ್ಟು ಬಿಸಿಯಾಗುತ್ತಿತ್ತು.

ತಲೆ ಬೋಳಿಸುವ ದೃಶ್ಯದ ದಿನ ಎಲ್ಲವೂ ಒಟ್ಟಿಗೆ ಕೈಕೊಟ್ಟಿತು. ಮೇಕಪ್ಪಿನವರು ರಬ್ಬರ್ ಟೊಪ್ಪಿಗೆಯನ್ನು ಸ್ಪಿರಿಟ್ಟು, ರಾಳದ ಆ ಗೋಂದಿನಿಂದ ಅಂಟಿಸುತ್ತಿದ್ದರು. ಕಾಲು ಗಂಟೆಯಲ್ಲಿ ಬೆವರಿಗೆ ಅಂಚು ಏಳುತ್ತಿತ್ತು. ಮತ್ತೆ ಬಿಚ್ಚಿ, ಸ್ಪಿರಿಟ್ಟಿನಿಂದ ಒರೆಸಿ, ಮತ್ತೆ ಅಂಟಿಸುವುದು. ಮೂರನೆಯ ಸಲಕ್ಕೆ ಇಂಚರಾಳ ಹಣೆಯಂಚು ಕೆಂಪಗೆ ಬಾತುಕೊಂಡಿತು. ಅದೇ ಹೊತ್ತಿಗೆ ರಸ್ತೆಯ ಕಡೆಯಿಂದ ಘೋಷಣೆ ಕೇಳಿಸಿತು. ಬ್ಯಾನರ್ ಹಿಡಿದ ಮೂವತ್ತು ನಲವತ್ತು ಜನ ಹಗ್ಗದ ಆಚೆ ನಿಂತಿದ್ದರು. ಅವರಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ನಾನು ಯಾರೆಂದು ಹೇಗೋ ತಿಳಿದುಕೊಂಡು ಕೈ ತೋರಿಸಿ ಕೂಗಿದಳು: "ನುವ್ವು ತಲ್ಲಿವೇನಾ?" ನೀನು ತಾಯಿಯೇನಾ ಎಂದು. ಸಿಟ್ಟು ನೆತ್ತಿಗೇರಿತು. ತಿರುಗಿ ಉತ್ತರ ಕೊಡುವಷ್ಟು ತೆಲುಗು ನನಗೆ ಬರುತ್ತಿರಲಿಲ್ಲ.

ಬಂದೋಬಸ್ತಿನ ಪೊಲೀಸ್ ಅಧಿಕಾರಿ ಮಾಧವ್‌ಗೆ ಮೆತ್ತಗೆ ಹೇಳಿ ಹೋದರು. ಸಂಜೆ ಐದರೊಳಗೆ ಮುಗಿಸಿ, ನಾಳೆ ಅನುಮತಿ ಸಿಗುವುದು ಕಷ್ಟ. ಆಗ ಮೂರು ಗಂಟೆ.

ಮಾಧವ್ ನನ್ನನ್ನು ಕೊಡೆಯ ಕೆಳಗೆ ಕರೆದು ಕೈಮುಗಿದರು. ಟೊಪ್ಪಿಗೆ ನಿಲ್ಲುತ್ತಿಲ್ಲ, ನಿಜವಾದ ಕೂದಲನ್ನೇ ತೆಗೆಯೋಣವೇ, ಮೂರು ತಿಂಗಳಲ್ಲಿ ಬೆಳೆಯುತ್ತದೆ, ಅಲ್ಲಿಯವರೆಗೆ ಒಳ್ಳೆಯ ವಿಗ್ ಮಾಡಿಸಿಕೊಡುತ್ತೇವೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕುಳಿತಿದ್ದ ಇಂಚರಾ ಎದ್ದು ನಿಂತಳು. "ಪರವಾಲೇದು, ತೀಸೇಯಂಡಿ," ಎಂದಳು. ಪರವಾಗಿಲ್ಲ, ತೆಗೆದುಬಿಡಿ ಎಂದು. ಅವಳ ಮುಖದಲ್ಲಿ ಕೆಲಸ ಕೆಡಬಾರದೆಂಬ ದೊಡ್ಡವರ ಕಾಳಜಿ ಇತ್ತು.

"ಇಲ್ಲ," ಎಂದೆ. "ಒಂಬತ್ತು ವರ್ಷದ ಮಗು ಹೂಂ ಅಂದರೆ ಅದು ಒಪ್ಪಿಗೆ ಅಲ್ಲ. ಎಲ್ಲರನ್ನೂ ಖುಷಿಪಡಿಸಬೇಕು ಅಂತ ಹೂಂ ಅಂತಾಳೆ. ಅದಕ್ಕೇ ನಾನು ಬಂದಿರೋದು." ಚೀಲದಿಂದ ಒಪ್ಪಂದದ ಪ್ರತಿ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟೆ. ನನ್ನ ಹರಕು ತೆಲುಗು, ಇಂಗ್ಲಿಷು ಎರಡೂ ಅವತ್ತು ಖಡಕ್ಕಾಗಿದ್ದವು. ಮಾಧವ್ ಆ ಸಾಲನ್ನು ನೋಡಿ, ನನ್ನನ್ನು ನೋಡಿ, "ನೀವು ಹೇಳುವುದು ಸರಿ ಮೇಡಂ," ಎಂದು ಹಿಂದೆ ಸರಿದರು. ಅಷ್ಟು ಜನರ ಮುಂದೆ ಮಗಳನ್ನು ಕಾಪಾಡಿದೆ ಎಂಬ ಹೆಮ್ಮೆ ನನ್ನ ಎದೆ ತುಂಬ ಇತ್ತು.

ಹಾಗಾಗಿ ದೃಶ್ಯವನ್ನೇ ಬದಲಾಯಿಸಿದರು. ಬೋಳುತಲೆ ತೋರಿಸುವುದಿಲ್ಲ. ಮಗುವಿನ ಮುಖವನ್ನು ಹತ್ತಿರದಿಂದ ಹಿಡಿಯುವುದು. ಹಿಂದೆ ಕ್ಷೌರಿಕನ ಪಾತ್ರದವರ ಕೈ, ಮಡಿಲಿಗೆ ಬೀಳುವ ನಕಲಿ ಜಡೆ. ಅಷ್ಟೇ. ಕೂದಲು ಹೊರಬೇಕಾಗಿದ್ದ ಭಾರವೆಲ್ಲ ಈಗ ಮುಖದ ಮೇಲೆ ಬಿತ್ತು. ಗೆದ್ದ ಖುಷಿಯಲ್ಲಿ ಅದು ನನಗೆ ಹೊಳೆಯಲಿಲ್ಲ.

ಮೊದಲ ಟೇಕ್. ಆ ನಟರ ಬೆರಳು ಕುತ್ತಿಗೆಗೆ ತಾಗಿದ್ದೇ ಇಂಚರಾ ಕಿಸಕ್ಕನೆ ನಕ್ಕಳು. ಎಲ್ಲರೂ ನಕ್ಕರು. ಎರಡನೆಯ ಟೇಕಿನಲ್ಲೂ ನಕ್ಕಳು. ಮೂರನೆಯದರಲ್ಲಿ ತುಟಿ ಕಚ್ಚಿ ಹಿಡಿದಳು, ಕಡೆಗೆ ಭುಜ ಕುಗ್ಗಿಸಿ ಮತ್ತೆ ನಕ್ಕಳು. "ಕಚಗುಳಿ ಆಗ್ತದಮ್ಮಾ," ಎಂದು ದೂರದಿಂದಲೇ ನನಗೆ ಕೂಗಿ ಹೇಳಿದಳು. ಕಣ್ಣಿಗೆ ಗ್ಲಿಸರಿನ್ ಹಚ್ಚಲೇ ಎಂದು ಲಲಿತಾ ಕೇಳಿದಾಗ ಮೇಕಪ್ಪಿನವರು ಬೇಡವೆಂದು ತಲೆಯಾಡಿಸಿದರು. ಇಷ್ಟು ಹತ್ತಿರದ ಶಾಟಿನಲ್ಲಿ ನೀರು ಬರುತ್ತದೆ, ಅಳು ಬರುವುದಿಲ್ಲ ಎಂದರು.

ನಾನು ಮಾಧವ್ ಹತ್ತಿರ ಓಡಿದೆ. ಸುಬ್ಬಕ್ಕಜ್ಜಿಯ ಸಂಗತಿಯನ್ನೆಲ್ಲ ಹೇಳಿದೆ. ಇದೇ ನಿಜ, ಮಗುವಿಗೆ ಏನೂ ಗೊತ್ತಿಲ್ಲದೆ ನಗುವುದೇ ನಿಜ, ಹೀಗೇ ಬಿಡಿ ಎಂದೆ. "ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ಹೊಳೆದಿರಲಿಲ್ಲ," ಎಂದರು ಅವರು. ಆಮೇಲೆ ಹಗ್ಗದ ಆಚೆಯ ಗುಂಪಿನ ಕಡೆ ನೋಡಿದರು. "ಆದರೆ ಮಗು ನಕ್ಕರೆ ಇವರು ಬಿಡ್ತಾರಾ ಮೇಡಂ? ಅಪಹಾಸ್ಯ ಮಾಡಿದ್ದಾರೆ ಅಂತ ಸೆಟ್ಟಿಗೇ ಬೆಂಕಿ ಹಾಕ್ತಾರೆ. ಅತ್ತರೆ ಮಾತ್ರ ಯಾರೂ ಏನೂ ಅನ್ನೋ ಹಾಗಿಲ್ಲ." ಗಡಿಯಾರ ನೋಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು: "ನೀವು ಒಂದು ಸಲ ಮಾತಾಡಿ ನೋಡಿ. ಎಲ್ಲಾ ಸೆಟ್ಟಿನಲ್ಲೂ ತಾಯಂದಿರೇ ಹೇಳೋದು. ತಾಯಿ ಹೇಳಿದರೆ ಬರುತ್ತೆ."

ಏನು ಹೇಳಬೇಕೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅದು ಅಲ್ಲಿನ ಪದ್ಧತಿ. ನಿರ್ದೇಶಕರು ಮುಖ ತಿರುಗಿಸಿ ನಿಲ್ಲುತ್ತಾರೆ, ತಾಯಿ ಹೋಗಿ ಮಗುವಿನ ಕಿವಿಯಲ್ಲಿ ಏನೋ ಹೇಳುತ್ತಾಳೆ, ಮಗು ಅಳುತ್ತದೆ. ಆ ಏನೋ ಎಂಬುದನ್ನು ಆಮೇಲೆ ಯಾರೂ ಕೇಳುವುದಿಲ್ಲ. ಭೀಮಿಲಿಯಲ್ಲಿ ಇನ್ನೊಂದು ಮಗುವಿನ ತಾಯಿ ಹೀಗೆ ಮಾಡಿದ್ದನ್ನು ನೋಡಿದ್ದೆ. ಅವಳು ಹೇಳಿದ್ದು ಸುತ್ತಲಿದ್ದವರಿಗೆ ಕೇಳಿಸಿಬಿಟ್ಟಿತ್ತು: ನಿನ್ನ ನಾಯಿಮರಿಯನ್ನು ಯಾರಿಗೋ ಕೊಟ್ಟುಬಿಟ್ಟೆ ಎಂದು. ಕೇಳಿದವರು ಮುಖ ಸಿಂಡರಿಸಿದ್ದರು. ನನಗೆ ಆ ಭಯ ಇರಲಿಲ್ಲ. ಆ ದಂಡೆಯ ಮೇಲೆ ಕನ್ನಡ ಬರುತ್ತಿದ್ದವರು ಇಬ್ಬರೇ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ಇಂಚರಾಳ ಎದುರು ಮಂಡಿಯೂರಿ ಕುಳಿತೆ. ಕೈಯಲ್ಲಿ ಫೋನ್ ಹಿಡಿದಿದ್ದೆ. ಅದನ್ನು ಬೇಕೆಂದೇ ಹಿಡಿದಿದ್ದೆ ಎಂದು ಒಪ್ಪಿಕೊಳ್ಳಲು ನನಗೆ ನಾಲ್ಕು ವರ್ಷ ಬೇಕಾಯಿತು.

"ಇಂಚೂ, ಗದಗಿನಿಂದ ಫೋನ್ ಬಂದಿತ್ತು. ಅಜ್ಜಿ ಹೋಗಿಬಿಟ್ಟಳವಾ."

"ಎಲ್ಲಿಗೆ?" ಎಂದಳು.

ಅವಳು ನನ್ನ ಮುಖವನ್ನೇ ನೋಡಿದಳು. ನಾನು ತಲೆ ತಗ್ಗಿಸಿ ಎದ್ದು ಪಕ್ಕಕ್ಕೆ ಸರಿದೆ. ಕ್ಯಾಮೆರಾ ಆಗಲೇ ಓಡುತ್ತಿತ್ತು. ಬೆರಳು ಕುತ್ತಿಗೆಗೆ ತಾಗಿತು. ಇಂಚರಾ ನಗಲಿಲ್ಲ. ಮೊದಲು ಅವಳ ಗದ್ದ ನಡುಗಿತು. ಆಮೇಲೆ ಬಾಯಿ ತೆರೆಯಿತು, ದನಿ ಬರಲಿಲ್ಲ. ದನಿ ಬಂದಾಗ ಅದು ನಾನು ಎಂದೂ ಕೇಳಿರದ ದನಿ. "ಅಜ್ಜೀ" ಎಂದಳು. ಮತ್ತೆ "ಅಜ್ಜೀ" ಎಂದಳು. ನಕಲಿ ಜಡೆ ಮಡಿಲಿಗೆ ಬಿತ್ತು. ಅವಳು ಅದನ್ನು ನೋಡಲೇ ಇಲ್ಲ, ನನ್ನನ್ನು ಹುಡುಕುತ್ತಿದ್ದಳು. ಓಡಿಹೋಗಿ ಅಪ್ಪಿಕೊಳ್ಳಬೇಕೆಂದು ಮೈಯೆಲ್ಲ ಹಾತೊರೆಯಿತು. ಶಾಟ್ ಕೆಡುತ್ತದೆ ಎಂದು ನಿಂತೇ ಇದ್ದೆ. ಹೌದು, ನಿಂತೇ ಇದ್ದೆ. ಕಟ್ ಎನ್ನಲು ಮಾಧವ್ ಬಹಳ ಹೊತ್ತು ತೆಗೆದುಕೊಂಡರು. ಲೈಟ್ ಹಿಡಿದವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹಗ್ಗದ ಆಚೆಯ ಘೋಷಣೆಯೂ ನಿಂತಿತ್ತು.

ಕಟ್ ಎಂದೊಡನೆ ಓಡಿದೆ. "ಸುಳ್ಳವಾ, ಸುಳ್ಳು. ಅಜ್ಜಿ ಆರಾಮ ಇದ್ದಾಳ. ಶಾಟಿಗೆ ಹೇಳಿದ್ದು," ಎಂದು ತಬ್ಬಿಕೊಂಡೆ. ಅವಳು ನಂಬಲಿಲ್ಲ. ಅಲ್ಲೇ ಗದಗಿಗೆ ಫೋನ್ ಹಚ್ಚಿ ಅವಳ ಕಿವಿಗಿಟ್ಟೆ. ಆಚೆಯಿಂದ ಅಜ್ಜಿಯ ದನಿ ನನಗೂ ಕೇಳಿಸಿತು. "ಈ ಹೊತ್ತಿನ್ಯಾಗ ಯಾಕ ಮಾಡಿದಿ? ಉಂಡ್ಯೇನು ಇಂಚೂ?" ಇಂಚರಾ ಫೋನನ್ನು ನನ್ನ ಕೈಗೆ ಕೊಟ್ಟಳು. ಅಂಗೈಯಿಂದ ಮುಖ ಒರೆಸಿಕೊಂಡು ಲಲಿತಾಳ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದಳು: "ಅಯಿಪೋಯಿಂದಾ?" ಮುಗಿಯಿತಾ ಎಂದು. ಮುಗಿಯಿತು ಎಂದು ಲಲಿತಾ ಅವಳಿಗೆ ಮುತ್ತು ಕೊಟ್ಟಳು.

ಅಲ್ಲಿಂದ ಮುಂದೆ ಮಗಳು ನನ್ನ ಜೊತೆ ಕನ್ನಡ ಆಡಲಿಲ್ಲ. ಊಟಕ್ಕೆ ಬಾರೇ ಎಂದರೆ "ತಿನ್ನಾನು", ತಿಂದಾಯಿತು ಎಂದು. ಇನ್ನೊಂದು ದೋಸೆ ಎಂದರೆ "ವದ್ದು", ಬೇಡ ಎಂದು. ಮಲಗು ಎಂದರೆ "ಸರೇ". ಕೋಪವಿಲ್ಲ, ಹಟವಿಲ್ಲ, ಪಕ್ಕದ ಮನೆಯ ಆಂಟಿಗೆ ಕೊಡುವಷ್ಟೇ ಮರ್ಯಾದೆ. ಮೊದಲ ವಾರ ಸುಮ್ಮನಿದ್ದೆ. ಎರಡನೆಯ ವಾರ ರಮಿಸಿದೆ. ಮೂರನೆಯ ವಾರ ಗದರಿ, ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಂಜೆ ಅಜ್ಜಿಯ ಫೋನ್ ಬಂದರೆ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಗಾಜಿನ ಆಚೆ ಅವಳ ತುಟಿ ಕನ್ನಡ ಆಡುವುದನ್ನು ನಾನು ಈಚೆ ನಿಂತು ನೋಡುತ್ತಿದ್ದೆ. ನಾನು ಮಾಡಿದ್ದನ್ನು ಅವಳು ಅಜ್ಜಿಗೆ ಹೇಳಲಿಲ್ಲ. ಅವಳಪ್ಪನಿಗೂ ಹೇಳಲಿಲ್ಲ. ನಾನಂತೂ ಹೇಳುವ ಮಾತೇ ಇರಲಿಲ್ಲ.

ಜೂನ್‌ನಲ್ಲಿ ಸೀರೀಸಿನ ಟೀಸರ್ ಬಂತು. ಒಂದೂವರೆ ನಿಮಿಷದಲ್ಲಿ ಅರ್ಧ ನಿಮಿಷ ನನ್ನ ಮಗಳ ಮುಖವೇ ಇತ್ತು. ದನಿಯ ಮೇಲೆ ಸಂಗೀತ ಹಾಕಿದ್ದರು. ಅಜ್ಜಿ ಗದಗಿನಿಂದ ಫೋನ್ ಮಾಡಿದಳು. "ಏನ್ ಛಂದ ಮಾಡ್ಯಾಳವಾ! ನೋಡಿ ನನ್ನ ಹೊಟ್ಟಿ ಉರೀತು. ಅಲ್ಲಾ, ತುಟಿ ನೋಡಿದ್ರ ಅಜ್ಜಿ ಅಂದಾಂಗ ಕಾಣಸ್ತದಲಾ?" ತೆಲುಗಿನಲ್ಲಿ ಬೇರೇನೋ ಇದೆ ಎಂದೆ. ಅಜ್ಜಿ ನಂಬಿದಳು.

ಮಾಧವ್ ಅಂದುಕೊಂಡಂತೆ ಆಗಲಿಲ್ಲ. ಹಿರಿಯರ ಅವಮಾನ ಎಂದಿದ್ದವರು ಸುಮ್ಮನಾದರು, ಆದರೆ ಮಗುವಿನ ಬಗ್ಗೆ ಮಾತಾಡುತ್ತಿದ್ದವರ ದನಿ ಎರಡು ಪಟ್ಟಾಯಿತು. ಇದು ನಟನೆಯಲ್ಲ, ಮಗುವನ್ನು ಏನೋ ಮಾಡಿ ಅಳಿಸಿದ್ದಾರೆ ಎಂದು ಯಾರೋ ದೂರು ಕೊಟ್ಟರು. ವಿಜಯವಾಡದ ಮಕ್ಕಳ ರಕ್ಷಣೆಯ ಕಚೇರಿಯಿಂದ ನನಗೂ ಇಂಚರಾಳಿಗೂ ಹಾಜರಾಗುವಂತೆ ಪತ್ರ ಬಂತು. ಇಡೀ ರಾಜ್ಯದಲ್ಲಿ ಸರಿಯಾಗಿ ಊಹಿಸಿದ್ದವರು ನಾನು ಟಿವಿಯಲ್ಲಿ ನೋಡಿ ನಕ್ಕಿದ್ದ ಆ ಜನರೇ.

ಪ್ರೊಡಕ್ಷನ್ ಮ್ಯಾನೇಜರ್ ಫೋನ್ ಮಾಡಿದಾಗ ನನ್ನ ಕೈ ಹಿಟ್ಟಾಗಿತ್ತು. ಸ್ಪೀಕರ್ ಹಾಕಿದೆ. "ಏನೂ ಭಯ ಬೇಡ ಮೇಡಂ. ಗ್ಲಿಸರಿನ್ ಅಂತ ಹೇಳಿಬಿಡಿ. ಪಾಪಗೂ ಹೇಳಿಕೊಡಿ. ಅಷ್ಟಕ್ಕೇ ಮುಗಿಯುತ್ತೆ," ಎಂದರು. ಊಟದ ಮೇಜಿನ ಮೇಲೆ ಇಂಚರಾ ಹೋಮ್‌ವರ್ಕ್ ಬರೆಯುತ್ತಿದ್ದಳು. ಪೆನ್ಸಿಲ್ ಒಂದು ಕ್ಷಣ ನಿಂತು ಮತ್ತೆ ಓಡಿತು. ನೋಡುತ್ತೇನೆ ಎಂದು ಫೋನ್ ಇಟ್ಟೆ. ಮಗಳಿಗೆ ಏನೂ ಹೇಳಿಕೊಡಲಿಲ್ಲ. ಅಷ್ಟು ಮಾತ್ರದ ಮಾನವನ್ನಾದರೂ ಉಳಿಸಿಕೊಳ್ಳೋಣ ಎಂದುಕೊಂಡೆ.

ಜುಲೈ ಮೊದಲ ವಾರ, ಬೆಳಗಿನ ರೈಲು. ವಿಶಾಖಪಟ್ಟಣದಿಂದ ವಿಜಯವಾಡದವರೆಗೆ ಇಂಚರಾ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದಳು. ನಾನು ಒಂದೇ ಒಂದು ತೆಲುಗು ವಾಕ್ಯವನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ: "ನೇನು ಅಬದ್ಧಂ ಚೆಪ್ಪಾನು." ನಾನು ಸುಳ್ಳು ಹೇಳಿದೆ. ಸತ್ಯ ಹೇಳಿದರೆ ಏನಾಗಬಹುದೆಂದು ಎಲ್ಲ ಯೋಚಿಸಿದ್ದೆ. ಪೇಪರಿನಲ್ಲಿ ಹೆಸರು, ಬ್ಯಾಂಕಿನಿಂದ ವಿವರಣೆ ಕೇಳುವ ಪತ್ರ, ಗಂಡನ ಮುಖ, ತಾಯಿಯ ಮುಖ. ಆದರೂ ಹೇಳಿಬಿಟ್ಟರೆ ಮಗಳು ಕೇಳಿಸಿಕೊಳ್ಳುತ್ತಾಳೆ. ಅವಳ ಎದುರು, ಅವಳು ಈಗ ನನ್ನ ಜೊತೆ ಆಡುವ ಭಾಷೆಯಲ್ಲೇ ಒಪ್ಪಿಕೊಂಡರೆ ಅವಳು ಮತ್ತೆ ನನ್ನವಳಾಗುತ್ತಾಳೆ ಎಂಬ ಆಸೆ. ರಾಜಮಹೇಂದ್ರಿಯ ಸೇತುವೆ ದಾಟುವಷ್ಟರಲ್ಲಿ ಆ ವಾಕ್ಯ ಬಾಯಿಗೆ ಸಲೀಸಾಗಿ ಬಂತು.

ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಮಳೆ ಇನ್ನೂ ಬಂದಿರಲಿಲ್ಲ, ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಅಧಿಕಾರಿ ಐವತ್ತರ ಹೆಂಗಸು, ಮೃದುವಾದ ಮಾತು. ಇಂಚರಾಳನ್ನು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಚಾಕಲೇಟ್ ಕೊಟ್ಟರು. ನನ್ನನ್ನು ಗೋಡೆಯ ಹತ್ತಿರ ಕೂರಿಸಿ, "ನಾನು ಕೇಳುವವರೆಗೆ ನೀವು ಮಾತಾಡಬಾರದು, ಸನ್ನೆಯನ್ನೂ ಮಾಡಬಾರದು," ಎಂದರು. ಶಾಲೆ, ಗೆಳತಿಯರು, ಇಷ್ಟದ ತಿಂಡಿ ಎಲ್ಲ ಕೇಳಿದ ಮೇಲೆ ಅವಳ ಕಡೆ ಬಾಗಿ ಕೇಳಿದರು. "ಅವತ್ತು ನದಿ ಹತ್ತಿರ ಅಷ್ಟೊಂದು ಅತ್ತೆಯಲ್ಲ ಪುಟ್ಟೀ, ಹೇಗೆ ಅತ್ತೆ?"

ಇಂಚರಾ ನನ್ನ ಕಡೆ ನೋಡಿದಳು. ಎರಡು ತಿಂಗಳಲ್ಲಿ ಮೊದಲ ಸಲ ನೇರವಾಗಿ ನೋಡಿದಳು. ಹೇಳು ಮಗಳೇ ಎಂದು ಒಂದು ಮನಸ್ಸು, ಬೇಡ ಕಣೇ ಎಂದು ಇನ್ನೊಂದು.

"ಗ್ಲಿಸರಿನ್ ಪೆಟ್ಟಾರು," ಎಂದಳು, ಗ್ಲಿಸರಿನ್ ಹಚ್ಚಿದರು ಎಂದು.

"ಉರಿಯಿತಾ?"

"ಕೊಂಚೆಂ." ಸ್ವಲ್ಪ ಎಂದು ಹೇಳಿ, ಬಲಗಣ್ಣಿನ ಕೆಳಗೆ ಬೆರಳಿಟ್ಟು, ನಿಜಕ್ಕೂ ಅಲ್ಲಿ ಇನ್ನೂ ಉರಿಯುತ್ತಿರುವಂತೆ ರೆಪ್ಪೆ ಬಡಿದು ತೋರಿಸಿದಳು. ಆಮೇಲೆ ಲಲಿತಕ್ಕ ತಣ್ಣೀರು ಹಾಕಿ ತೊಳೆದಳು ಎಂದೂ ಸೇರಿಸಿದಳು. ಆ ಇಡೀ ಸೀರೀಸಿನಲ್ಲಿ ಅವಳು ಇಷ್ಟು ಚೆನ್ನಾಗಿ ನಟಿಸಿರಲಿಲ್ಲ.

"ಹೀಗೆ ಹೇಳು ಅಂತ ಅಮ್ಮ ಹೇಳಿಕೊಟ್ಟರಾ?"

"ಇಲ್ಲ. ಅಮ್ಮ ಏನೂ ಹೇಳಿಲ್ಲ," ಎಂದಳು ತೆಲುಗಿನಲ್ಲಿ. ಅದೊಂದು ಮಾತ್ರ ನಿಜವಾಗಿತ್ತು.

ಅಧಿಕಾರಿ ನನ್ನ ಕಡೆ ತಿರುಗಿದರು. "ನೀವು ಏನಾದರೂ ಹೇಳುವುದಿದೆಯೇ?" ಉರು ಹೊಡೆದ ವಾಕ್ಯ ನಾಲಗೆಯ ತುದಿಯಲ್ಲೇ ಇತ್ತು. ಈಗ ಅದನ್ನು ಹೇಳಿದರೆ ಮಗಳು ಸುಳ್ಳುಗಾತಿಯಾಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪವೆಂದು ಹೇಳಿಕೊಳ್ಳುವಾಗಲೇ ಗೊತ್ತಿತ್ತು. ಇಲ್ಲವೆಂದು ತಲೆಯಾಡಿಸಿದೆ. ಅವರು ಎರಡು ಪುಟ ತೆಲುಗಿನಲ್ಲಿ ಬರೆದು ನನ್ನ ಮುಂದಿಟ್ಟರು. ಯಾರಿಂದಲೂ ಓದಿಸದೆ ಸಹಿ ಹಾಕಿದೆ.

ಹೊರಗೆ ಬಂದೆವು. ಮೆಟ್ಟಿಲ ಮೇಲೆ ಹೋಗಿಬರುವ ಜನ, ಎಲ್ಲರದೂ ತೆಲುಗು. ಇಂಚರಾ ಮೊದಲ ತಿರುವಿನಲ್ಲಿ ನಿಂತು ಹಿಂದೆ ಮುಂದೆ ನೋಡಿದಳು. ನನ್ನ ಸೆರಗು ಜಗ್ಗಿ ಬಾಗಿಸಿಕೊಂಡು, ಕಿವಿಯ ಹತ್ತಿರ ಬಾಯಿ ತಂದು, ಯಾರಿಗೂ ತಿಳಿಯಬಾರದೆಂದು ಕನ್ನಡದಲ್ಲಿ ಕೇಳಿದಳು: "ಅಮ್ಮಾ, ನಾ ಬರೋಬ್ಬರಿ ಹೇಳಿದ್ನಿಲ್ಲೋ?"

"ಬರೋಬ್ಬರಿ ಹೇಳಿದಿ," ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಎರಡು ತಿಂಗಳಿಂದ ಆ ಕೈಗಾಗಿ ಕಾದಿದ್ದೆ. ಬಿಡಿಸಿಕೊಳ್ಳಬೇಕಿತ್ತು, ತಿರುಗಿ ಮೆಟ್ಟಿಲು ಹತ್ತಬೇಕಿತ್ತು. ಆಗಲಿಲ್ಲ. ಹಿಡಿದುಕೊಂಡೇ ಕೆಳಗಿಳಿದೆವು.